ಹಸನು ಮಾಡಿದ ಹಾಡು

ಯಾರ ಮನೆಗೇ ಹೋಗಲಿ, ಹೊಸ್ತಿಲು ದಾಟಿದ ಕೂಡಲೇ ಚಿತ್ತಯ್ಯ ಮೇಷ್ಟ್ರು ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಒಂದೇ ಒಂದು. ಹೊಡೆದು, ತಲೆಯನ್ನು ಸ್ವಲ್ಪ ವಾಲಿಸಿ, ಆ ಸದ್ದು ಯಾವ ಗೋಡೆಗೆ ಬಡಿದು ಹೇಗೆ ಅಡಗುತ್ತದೆಂದು ಕೇಳಿಸಿಕೊಂಡು, ಆಮೇಲೆ “ಚೆನ್ನಾಗಿದೀರಾ?” ಎನ್ನುತ್ತಿದ್ದರು. ಮದುವೆ ಛತ್ರ, ಬ್ಯಾಂಕು, ತಾಲ್ಲೂಕು ಕಚೇರಿ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಒಮ್ಮೆ ನೆಂಟರ ಜೊತೆ ಹೊಳಲ್ಕೆರೆಗೆ ಹೆಣ್ಣು ನೋಡಲು ಹೋದವರು ಅಲ್ಲಿಯೂ ಹೊಡೆದರಂತೆ. ಹುಡುಗಿಯ ಅಜ್ಜ ಗಾಬರಿಯಾಗಿ, “ಯಾಕ್ರೀ, ಬೆಕ್ಕು ಗಿಕ್ಕು ಒಳಗೆ ಬಂತೇನ್ರಿ?” ಎಂದು ಕೇಳಿದ್ದಾರೆ. “ಇಲ್ಲ ಯಜಮಾನ್ರೇ, ನಿಮ್ಮ ಮನೆ ಬಾಳ ಚೆನ್ನಾಗಿ ಮಾತಾಡ್ತೈತೆ. ಧೈರ್ಯವಾಗಿ ಸಂಬಂಧ ಮಾಡಬೌದು” ಎಂದರಂತೆ ಮೇಷ್ಟ್ರು. ಆ ಸಂಬಂಧ ಕುದುರಿತು ಎನ್ನುವುದನ್ನು ಹೇಳಲು ಅವರು ಯಾವತ್ತೂ ಮರೆಯುತ್ತಿರಲಿಲ್ಲ.

ಇಂಥ ಕತೆಗಳು ನನ್ನ ಹತ್ತಿರ ಬೇಕಾದಷ್ಟಿವೆ. ಅವನ್ನಷ್ಟೇ ಬರೆದು, ಎಲ್ಲರನ್ನೂ ನಗಿಸಿ, ಕೊನೆಗೆ ಒಂದು ನಮಸ್ಕಾರ ಹಾಕಿ ಎದ್ದುಬಿಡಬಹುದು. ಆದರೆ ನಾನು ಆ ಮನುಷ್ಯನಿಗೆ ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ಬಿಟ್ಟು ಚಪ್ಪಾಳೆಯನ್ನು ಮಾತ್ರ ಹೇಳಿದರೆ, ಅವರಿಗೆ ಹೇಳಿದ ಸುಳ್ಳುಗಳ ಪಟ್ಟಿಗೆ ಇನ್ನೊಂದು ಸೇರುತ್ತದೆ. ಆ ಪಟ್ಟಿ ಈಗಾಗಲೇ ಸಾಕಷ್ಟು ಉದ್ದವಿದೆ.

ಮೇಷ್ಟ್ರ ಶಾಲೆ ಇದ್ದದ್ದು ಹಿರಿಯೂರಿನಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಹೊರಗೆ “ಎಲೆಕ್ಟ್ರಾನಿಕ್ ಸಂಗೀತ ಶಾಲೆ” ಎಂದು ಬೋರ್ಡು ಬರೆಸಿದ್ದರು. ಊರಿನವರು ಅದರಲ್ಲಿ ಮೊದಲ ಪದವನ್ನು ಮಾತ್ರ ಓದಿಕೊಂಡು ಕೆಟ್ಟ ಮಿಕ್ಸಿ, ತಿರುಗದ ಫ್ಯಾನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮೇಷ್ಟ್ರು ಯಾರನ್ನೂ ವಾಪಸು ಕಳಿಸಿದವರಲ್ಲ. ರಿಪೇರಿ ಮಾಡಿ, ಆ ಮಿಕ್ಸಿಯ ಸದ್ದನ್ನು ಒಮ್ಮೆ ರೆಕಾರ್ಡ್ ಮಾಡಿಕೊಂಡು ಕಳಿಸುತ್ತಿದ್ದರು. ಕೋಣೆಯ ನಾಲ್ಕು ಗೋಡೆಗೂ ಕರಿ ಕಂಬಳಿ ಹೊಡೆದಿದ್ದರು, ಸದ್ದು ಗೋಡೆಗೆ ಬಡಿದು ಗಲಿಬಿಲಿ ಮಾಡಬಾರದೆಂದು. ಮೋಡ ಮುಸುಕಿದ ದಿನ ಒಳಗೆ ಕಾಲಿಟ್ಟರೆ ಕುರಿಮಂದೆಯೊಳಗೆ ಕಾಲಿಟ್ಟಂತೆ ವಾಸನೆ ಬರುತ್ತಿತ್ತು. “ಪ್ಯಾಟೆಯವ್ರು ಗೋಡೆಗೆ ಪೋಮಿನ ಶೀಟು ಹಚ್ಚತಾರೆ. ನಮ್ಮ ಕುರಿ ಅದಕ್ಕಿಂತ ಬುದ್ಧಿವಂತ್ವು” ಎನ್ನುತ್ತಿದ್ದರು.

ಅವರು ಯಲ್ಲದಕೆರೆ ಕಡೆಯ ಒಂದು ಹಟ್ಟಿಯವರು. ಕುರಿ ಸಾಕುವ ಮನೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕ ಈರಕ್ಕನೇ ಅವರನ್ನು ಬೆಳೆಸಿದ್ದು. ಹಿರಿಯೂರಿಗೆ ರೇಡಿಯೊ ರಿಪೇರಿ ಕಲಿಯಲು ಬಂದ ಮೇಲೆ ಒಂದು ದಿನ ಅಂಗಡಿಗೆ ಕೆಟ್ಟ ಕೀಬೋರ್ಡ್ ಬಂತಂತೆ. ಒಂದು ಕೀಲಿ ಒತ್ತಿದಂತೆಯೇ ಸಿಕ್ಕಿಕೊಂಡು ಸದ್ದು ನಿಲ್ಲದೆ ಹರಿಯುತ್ತಿತ್ತು. ಇವರು ಅದನ್ನು ಸರಿಮಾಡುವುದು ಬಿಟ್ಟು ಮಧ್ಯಾಹ್ನವೆಲ್ಲ ಕೇಳುತ್ತಾ ಕುಳಿತರು. “ಉಸ್ರೇ ತಗಳ್ದಂಗೆ ಹಾಡ್ತಿತ್ತು ಕಣಮ್ಮ. ಹಂಗೆ ಹಾಡೋದು ನಮ್ಮಕ್ಕ ಒಬ್ಳೇ ಅಂದ್ಕಂಡಿದ್ದೆ” ಎಂದು ನನಗೆ ಹೇಳಿದ್ದರು. ಅಲ್ಲಿಂದ ಆರ್ಕೆಸ್ಟ್ರಾ ಸೇರಿ ಹೊಸದುರ್ಗ, ಹೊಳಲ್ಕೆರೆಗಳ ಮದುವೆಗಳಲ್ಲಿ ನುಡಿಸಿ, ಕೊನೆಗೆ ಅದೂ ಸಾಕಾಗಿ ಈ ಶಾಲೆ ತೆರೆದಿದ್ದರು.

ನಾನು ಅಲ್ಲಿಗೆ ಸೇರಿದ್ದು ಎಂಟನೇ ತರಗತಿಯಲ್ಲಿದ್ದಾಗ. ನಮ್ಮಪ್ಪ ಹಿರಿಯೂರಿನಲ್ಲಿ ಟೈಲರ್. ಮಗಳು ಕೀಬೋರ್ಡ್ ಕಲಿತು ಶಾಲೆಯ ಸಮಾರಂಭದಲ್ಲಿ ನುಡಿಸಲಿ ಎನ್ನುವುದು ಅವರ ಆಸೆ. ಮೇಷ್ಟ್ರು ನನ್ನನ್ನು ಒಂದು ತಿಂಗಳು ಕೀಬೋರ್ಡಿನ ಹತ್ತಿರಕ್ಕೂ ಬಿಡಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ರೆಕಾರ್ಡರನ್ನು ಕೈಗೆ ಕೊಟ್ಟು, “ಹೋಗಿ ಒಂದು ಸದ್ದು ಹಿಡ್ಕಂಡು ಬಾ. ಸದ್ದು ಹಿಡಿಯಾಕೆ ಬರದೋರು ಸಂಗೀತ ಏನು ಹಿಡಿತಾರೆ” ಎಂದರು. ನಾನು ಅಪ್ಪನ ಹೊಲಿಗೆ ಯಂತ್ರದ ಸದ್ದು ಹಿಡಿದು ತಂದೆ. ಅದನ್ನು ಅವರು ಕೀಬೋರ್ಡಿನೊಳಗೆ ಹಾಕಿದರು. ಯಾವ ಕೀಲಿ ಒತ್ತಿದರೂ ಹೊಲಿಗೆ ಯಂತ್ರ, ಎಡಗಡೆ ದಪ್ಪ ದನಿ, ಬಲಗಡೆ ಸಣ್ಣ ದನಿ. ಅಪ್ಪನನ್ನೇ ಕರೆಸಿ ಅದರಲ್ಲೊಂದು ದೇವರನಾಮ ನುಡಿಸಿ ಕೇಳಿಸಿದರು. “ಇಷ್ಟು ವರ್ಷ ತುಳಿದೆ ಮೇಷ್ಟ್ರೇ, ಇದು ಹಾಡ್ತೈತೆ ಅಂತ ಗೊತ್ತಿರ್ಲಿಲ್ಲ” ಎಂದು ಅಪ್ಪ ನಕ್ಕರು. ಆಮೇಲೆ ಮನೆಯಲ್ಲಿ ಯಾರೂ ನನ್ನ ಸಂಗೀತದ ಬಗ್ಗೆ ತಕರಾರು ತೆಗೆಯಲಿಲ್ಲ.

ಸದ್ದುಗಳೆಲ್ಲ ಅವರ ಪಾಲಿಗೆ ಮನೆಗೆ ಬರುವ ನೆಂಟರು. “ಯಾರೇ ನೆಂಟ ಆಗ್ಲಿ ನಾಲ್ಕು ಕೆಲಸ ಮಾಡ್ತಾನೆ. ಬರ್ತಾನೆ, ಕುಂದುರ್ತಾನೆ, ಇರ್ತಾನೆ, ಹೋಗ್ತಾನೆ. ತಮಟೆ ಐತಲ್ಲ, ಅದು ಬಾಗ್ಲು ದಬ್ಕಂಡೇ ಬಂದು ನಿಂತ ಕಾಲಾಗೇ ಹೋಗ್ಬಿಡ್ತೈತೆ. ಗುಡಿ ಗಂಟೆ ಹೋಗ್ತೀನಿ ಹೋಗ್ತೀನಿ ಅಂತ ಬಾಗ್ಲಾಗೆ ನಿಂತು ಅರ್ಧ ತಾಸು ಮಾತಾಡ್ತೈತೆ.” ಆಮೇಲೆ ನಾನು ದಪ್ಪದಪ್ಪ ಪುಸ್ತಕಗಳಲ್ಲಿ ಇದನ್ನೇ ಗ್ರಾಫುಗಳ ಸಮೇತ ಓದಿದ್ದೇನೆ. ಈಗ ನಾನು ಚಿತ್ರದುರ್ಗದ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಮಕ್ಕಳಿಗೆ ಹೇಳುವುದು ಮಾತ್ರ ನೆಂಟರ ಕತೆಯನ್ನೇ.

ರೆಕಾರ್ಡ್ ಮಾಡಿದ್ದನ್ನು ಸ್ವಚ್ಛಗೊಳಿಸುವುದಕ್ಕೆ ಅವರದೊಂದು ಮಾತಿತ್ತು: ಹಸನು ಮಾಡುವುದು. ಮೊರದಲ್ಲಿ ರಾಗಿ ಹಸನು ಮಾಡುತ್ತಾರಲ್ಲ, ಹಾಗೆ. ಮೊದಲ ದಿನವೇ ಹೇಳಿದ್ದರು: “ಕಲ್ಲು ತೆಗಿ, ಹೊಟ್ಟು ಊದು. ಕಾಳು ಮುಟ್ಬ್ಯಾಡ. ಸೊಟ್ಟ ಕಾಳಿದ್ರೂ ಅದು ಕಾಳೇ.” ಇದನ್ನು ಅವರು ಸರಿಯಾಗಿ ಹೇಳಿಕೊಡಲಿಲ್ಲ ಎಂದು ನಾನು ಯಾವ ದೇವರ ಮುಂದೆಯೂ ಹೇಳುವಂತಿಲ್ಲ.

ಇನ್ನೊಂದು ಪಾಠ ಅವರ ಹಳೆಯ ಕೀಬೋರ್ಡಿನಲ್ಲೇ ಇತ್ತು. ಹಾರ್ಮೋನಿಯಂ ನುಡಿಸುವವರ ರೂಢಿಯಂತೆ ಅವರು ಕೀಲಿಗೆ ‘ಮನೆ’ ಎನ್ನುತ್ತಿದ್ದರು. ಬಿಳಿ ಮನೆ, ಕರಿ ಮನೆ. ಈರಕ್ಕನ ಹಾಡುಗಳಲ್ಲಿ ಒಂದು ಸ್ವರ ಯಾವ ಮನೆಗೂ ಸೇರುತ್ತಿರಲಿಲ್ಲ. ಬಿಳಿಗೂ ಕರಿಗೂ ನಡುವಿನ ಸಂದಿಯಲ್ಲಿ ನಿಲ್ಲುತ್ತಿತ್ತು. ಮೇಷ್ಟ್ರು ಕೀಬೋರ್ಡಿನ ಒಂದು ಬಿಳಿ ಮನೆಯ ಶ್ರುತಿಯನ್ನು ಆ ಸ್ವರಕ್ಕೆ ಇಳಿಸಿ, ಅದರ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದರು. ಅದರ ಹೆಸರು ‘ಅಕ್ಕನ ಮನೆ’. ಸಿನಿಮಾ ಹಾಡು ನುಡಿಸುವಾಗ ನಾವು ಮರೆತು ಅದನ್ನು ಒತ್ತಿದರೆ ಇಡೀ ಹಾಡು ಕುಂಟುತ್ತಿತ್ತು. “ಸರ್, ಇದನ್ನ ಸರಿ ಮಾಡ್ರಿ” ಎಂದರೆ, “ಅಕ್ಕನ ಮನೆಗೆ ಹೇಳ್ದೆ ಕೇಳ್ದೆ ಹೋದ್ರೆ ಹಿಂಗೇ ಆಗೋದು. ಸುತ್ತಾಕ್ಕಂಡು ಹೋಗು” ಎನ್ನುತ್ತಿದ್ದರು.

ಹಳ್ಳಿ ಶಾಲೆಗಳಿಗೆ ಅವರು ತಾವಾಗಿಯೇ ಹೋಗಿ ಪಾಠ ಮಾಡುತ್ತಿದ್ದರು. ಬಾಗೂರಿನ ಒಂದು ಶಾಲೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದು ಚೆನ್ನಾಗಿ ನೆನಪಿದೆ. ಕಂಪ್ಯೂಟರ್, ಸ್ಪೀಕರ್ ಎಲ್ಲ ಬಸ್ಸಿನಲ್ಲಿ ಹೊತ್ತು ತಂದು ಜೋಡಿಸಿ ಇನ್ನೇನು ಶುರುಮಾಡಬೇಕು, ಕರೆಂಟು ಹೋಯಿತು. ಹೆಡ್‌ಮಾಸ್ಟರು, “ಎಲೆಕ್ಟ್ರಾನಿಕ್ ಸಂಗೀತ ಅಂತೀರಿ, ಇನ್ನೇನು ಮಾಡ್ತೀರಿ ಪಾಪ, ಊಟ ಮಾಡ್ಕಂಡು ಹೋಗ್ರಿ” ಎಂದರು. ಮೇಷ್ಟ್ರು, “ಕುಂತ್ಕಳ್ರಿ ಸರ್, ಕರೆಂಟು ಹೋಗೈತೆ, ಹುಡುಗ್ರು ಹೋಗಿಲ್ವಲ್ಲ” ಎಂದವರೇ ಮಕ್ಕಳನ್ನು ಮೆಷಿನ್ ಮಾಡಿಬಿಟ್ಟರು. ಮೊದಲ ಬೆಂಚು ತಾಳ, ಎರಡನೆಯದು ಹಾಡು, ಹಿಂದಿನ ಮೂರು ಬೆಂಚು ಪ್ರತಿಧ್ವನಿ. ಮುಂದಿನವರು “ಹೋ” ಎಂದರೆ ಹಿಂದಿನವರು ಒಂದೊಂದು ಬೆಂಚಿಗೂ ಸಣ್ಣಗೆ ಮಾಡುತ್ತಾ ಹೋಗಬೇಕು. ಕೊನೆಯ ಬೆಂಚಿನ ಒಬ್ಬಳು ಎಷ್ಟು ಸಣ್ಣಗೆ “ಹೋ” ಎಂದಳೆಂದರೆ ಇಡೀ ತರಗತಿ ಕಿವಿಗೊಟ್ಟು ಕುಳಿತಿತು. “ನೋಡ್ರಿ ಸರ್, ಇಂಥ ಮೆಷಿನ್ನು ಎಲ್ಲಿ ಸಿಗ್ತೈತೆ?” ಎಂದರು ಮೇಷ್ಟ್ರು. ಹೆಡ್‌ಮಾಸ್ಟರು ತಾವೂ ಒಮ್ಮೆ “ಹೋ” ಎಂದು ನೋಡಿದರು.

ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗಲೂ ಅಷ್ಟೆ. ಊರೆಲ್ಲ ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವರು ನೀರಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ರೆಕಾರ್ಡರ್ ಹಿಡಿದು ನಿಂತಿದ್ದರು. ಯಾರೋ ಪೊಲೀಸಿನವರು ಇವರಿಗೆ ತಲೆ ಸುತ್ತುತ್ತಿದೆ ಎಂದುಕೊಂಡು ಕೈ ಹಿಡಿದು ಕೂರಿಸಿದರಂತೆ.

ಇಂಥವರ ಹತ್ತಿರ ಎಂಟು ವರ್ಷ ಕಲಿತ ನಾನು ಚಿತ್ರದುರ್ಗದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಭಜನೆ, ಭಾವಗೀತೆ, ಚುನಾವಣೆ ಪ್ರಚಾರದ ಹಾಡು ಎಲ್ಲ ಬರುತ್ತಿದ್ದವು. ದನಿಯನ್ನು ಗೆರೆಯಾಗಿ ತೋರಿಸಿ, ಶ್ರುತಿ ತಪ್ಪಿದ ಜಾಗವನ್ನು ಎತ್ತಿ ಕೂರಿಸುವ ಸಾಫ್ಟ್‌ವೇರ್ ಕಲಿತೆ. ನನ್ನ ಕೈ ಅದರಲ್ಲಿ ಪಳಗಿತು. “ಸುಧಾ ಕೈಗೆ ಕೊಟ್ರೆ ಕತ್ತೆ ಕೂಗಿದ್ದೂ ಶ್ರುತಿಗೆ ಕುಂದುರ್ತೈತೆ” ಎಂದು ಮಾಲೀಕರು ಎಲ್ಲರ ಮುಂದೆ ಹೊಗಳುತ್ತಿದ್ದರು. ಹೊಗಳಿಕೆ ನೆತ್ತಿಗೇರಿತ್ತು. ಅದನ್ನು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಾಗುತ್ತದೆ.

ಆ ದಿನಗಳಲ್ಲೇ ಈರಕ್ಕನ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ಹಟ್ಟಿಗೆ ಹೋಗಿ, ಕೋಣೆಗೆ ಕಂಬಳಿ ಕಟ್ಟಿ, ಅಕ್ಕನನ್ನು ಕೂರಿಸಿಕೊಂಡು ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮೂರು ದಶಕ ಊರಿನ ಸದ್ದನ್ನೆಲ್ಲ ಹಿಡಿದ ಮನುಷ್ಯ ಅಕ್ಕನ ಹಾಡನ್ನು ಮಾತ್ರ ಅಲ್ಲಿಯವರೆಗೆ ಹಿಡಿದಿರಲಿಲ್ಲ. ಬೇಕೆಂದಾಗ ಹೋದರೆ ಹಾಡುತ್ತಾಳೆ, ಅವಸರವೇನು ಎಂದುಕೊಂಡಿದ್ದರು. ಸಾಯಂಕಾಲ ಕುರಿಮರಿಗಳನ್ನು ತಾಯಿಯ ಹತ್ತಿರ ಬಿಡುವಾಗ ಹೇಳುವ ಹಾಡೊಂದು ಆ ನಾಲ್ಕರಲ್ಲಿ ಕೊನೆಯದು. ಅದನ್ನು ಹಾಡುವಾಗ ಈರಕ್ಕ ನಡುವೆ ಒಮ್ಮೆ ಕೆಮ್ಮಿ, “ತಡಿಯಪ್ಪ” ಎಂದು, ಮತ್ತೆ ಅಲ್ಲಿಂದಲೇ ಎತ್ತಿಕೊಂಡಿದ್ದರು.

ಮೇಷ್ಟ್ರು ದುರ್ಗದ ಬಸ್ಸು ಹತ್ತಿ ನಮ್ಮ ಸ್ಟುಡಿಯೋಗೆ ಬಂದರು. ಬಾಗಿಲಲ್ಲಿ ಚಪ್ಪಾಳೆ ಹೊಡೆಯಲಿಲ್ಲ. ಮೆಮೊರಿ ಕಾರ್ಡನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು.

“ಹಿಂದೆ ಎಲ್ಲೋ ಬೋರಿನ ಮೋಟ್ರು ಓಡ್ತಾ ಐತಂತೆ. ಸಣ್ಣ ಸದ್ದು ನನ್ನ ಕಿವಿಗೆ ಈಗ ಬೀಳಂಗಿಲ್ಲ ಕಣಮ್ಮ, ವಯಸ್ಸಾತು. ನಿನ್ನ ಕಿವಿ ಎಳೇದೈತೆ. ಹಸನು ಮಾಡಿ ಕೊಡು. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಕೇಳಿಸ್ಬೇಕು.”

“ಕೊಡ್ರಿ ಸರ್, ಎರಡೇ ದಿನ” ಎಂದೆ.

“ನನ್ನ ತಾವ ಇದೊಂದೇ ಐತೆ, ಎರಡು ಕಡೆ ಇಡಮ್ಮ ಮೊದ್ಲು. ಆಮೇಲೆ ಕೈ ಹಚ್ಚು.”

ನಾನು ಕಾರ್ಡಿನಿಂದ ಕಂಪ್ಯೂಟರಿಗೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಯಾವುದೋ ಶಾಲೆಯ ವಾರ್ಷಿಕೋತ್ಸವದ ರೆಕಾರ್ಡಿಂಗಿಗೆ ಕಾರ್ಡ್ ಬೇಕಾಯಿತು. ಕಂಪ್ಯೂಟರಿನಲ್ಲಿದೆಯಲ್ಲ ಎಂದು ಕಾರ್ಡನ್ನು ಖಾಲಿ ಮಾಡಿದೆ. ಸಂಜೆ ನಾಲ್ಕೂ ಹಾಡು ತೆರೆದು ಮೋಟಾರಿನ ಸದ್ದು ತೆಗೆದೆ, ತಗಡು ಬಡಿದ ಸದ್ದು ತೆಗೆದೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಪರದೆಯ ಮೇಲೆ ಈರಕ್ಕನ ದನಿಯ ಗೆರೆ ಕಾಣುತ್ತಿತ್ತು. ಅಕ್ಕನ ಮನೆಯ ಆ ಸ್ವರ ಬಂದಲ್ಲೆಲ್ಲ ಗೆರೆ ಸ್ವಲ್ಪ ಕೆಳಗೆ ನಿಂತಿತ್ತು. ಕೈ ಸುಮ್ಮನಿರಲಿಲ್ಲ. ಒಂದು ಎತ್ತಿದೆ, ಚೆನ್ನಾಗಿ ಕೇಳಿಸಿತು. ನಾಲ್ಕೂ ಹಾಡಿನಲ್ಲಿ ಎಲ್ಲವನ್ನೂ ಎತ್ತಿದೆ. ಕೆಮ್ಮನ್ನೂ “ತಡಿಯಪ್ಪ” ಎಂಬುದನ್ನೂ ಕತ್ತರಿಸಿದೆ. ಪ್ರತಿಧ್ವನಿಯ ಒಂದು ಚೂರು ಗುಂಗು ಸೇರಿಸಿದೆ. ಮೇಷ್ಟ್ರು ಕೇಳಿ ಬೆರಗಾಗುತ್ತಾರೆ, ಎಂಥ ಶಿಷ್ಯೆಯನ್ನು ತಯಾರು ಮಾಡಿದೆ ಎಂದು ಹಿಗ್ಗುತ್ತಾರೆ ಎಂದುಕೊಂಡು, ಬೇರೆ ಹೆಸರಿನಲ್ಲಿ ಇಡಬೇಕಾದ್ದನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿ ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಊಟ ಮಾಡಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಈರಕ್ಕ ಗುಣವಾಗಿ ಬಂದ ಮೇಲೆ ಮೇಷ್ಟ್ರು ನನ್ನನ್ನು ಹಟ್ಟಿಗೆ ಕರೆದುಕೊಂಡು ಹೋದರು. ಅಂಗಳದಲ್ಲಿ ಸ್ಪೀಕರ್ ಇಟ್ಟರು. ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿದರು. ಈರಕ್ಕ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಮಾತು ಹೊರಡುತ್ತಿರಲಿಲ್ಲ, ತುಟಿ ಆಡಿಸುತ್ತಿದ್ದರು. ಮೊಮ್ಮಗಳು ಪವಿತ್ರ ಅದನ್ನು ನೋಡಿ ಅರ್ಥ ಹೇಳುತ್ತಿದ್ದಳು.

ಕುರಿಮರಿಯ ಹಾಡು ಹಾಕಿದೆ. “ಏನ್ ಚೆಂದ ಬಂದೈತಪ್ಪ, ರೇಡಿಯೋದಾಗೆ ಬಂದಂಗೈತೆ” ಎಂದರು ಯಾರೋ. ಈರಕ್ಕನ ಮುಖ ಅರಳಿತು. ಮೊದಲ ಸಾಲಿಗೆ ಅವರ ತುಟಿಗಳೂ ಹಾಡಿನ ಜೊತೆಗೆ ಸಾಗಿದವು. ದನಿಯಿಲ್ಲದೆ ಹಾಡುತ್ತಿದ್ದರು, ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎರಡನೆಯ ಸಾಲಿಗೆ ಕೈ ನಿಧಾನವಾಯಿತು. ಕೆಮ್ಮಿದ ಜಾಗದಲ್ಲಿ ಸ್ಪೀಕರ್ ನಿಲ್ಲದೆ ಮುಂದೆ ಓಡಿತು. ಅವರ ತುಟಿಗಳು ಹಿಂದೆ ಉಳಿದವು. ಈರಕ್ಕ ಹಾಡುವುದನ್ನು ನಿಲ್ಲಿಸಿ ಸ್ಪೀಕರನ್ನೇ ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ ಅಂಗೈ ಮೇಲೆತ್ತಿ ತಿರುಗಿಸಿದರು. ಅದಕ್ಕೆ ಪವಿತ್ರ ಅರ್ಥ ಹೇಳಬೇಕಾಗಿರಲಿಲ್ಲ. ಇವಳು ಯಾರು ಎಂದು ಅವರು ಕೇಳುತ್ತಿದ್ದರು.

ಮೇಷ್ಟ್ರು ನನ್ನ ಕಡೆ ನೋಡಿದರು. “ಏನು ಮಾಡ್ದಮ್ಮ?”

“ಹಸನು ಮಾಡಿದೆ ಸರ್. ನೀವೇ ಹೇಳಿದ್ರಲ್ಲ.”

ಎಂಥ ಹೇಡಿ ಮಾತು! ಬದುಕು ಹಸನಾಗಲಿ ಎನ್ನುತ್ತೇವಲ್ಲ, ಆ ಅರ್ಥದಲ್ಲಿ ತಿಳಿದುಕೊಂಡೆ ಎನ್ನುವಂತೆ ನಟಿಸಿದೆ. ಅವರ ಮಾತನ್ನೇ ಅವರ ಮೇಲೆ ತಿರುಗಿಸಿದೆ. ಮೇಷ್ಟ್ರು ಬೈಯಲಿಲ್ಲ.

“ಮುಂಚಿಂದು ಹಂಗೇ ಐತಲ್ಲಮ್ಮ? ನಾನು ಕೊಟ್ಟಿದ್ದು?”

ಹತ್ತಾರು ಜನ ನೋಡುತ್ತಿದ್ದರು. ಈರಕ್ಕನೂ ನೋಡುತ್ತಿದ್ದರು. “ಐತೆ ಸರ್. ಇನ್ನೊಂದು ಡಿಸ್ಕ್‌ನಲ್ಲಿ ಐತೆ” ಎಂದೆ.

ಅವರ ಮುಖದಲ್ಲಿ ಜೀವ ಬಂತು. ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಅಕ್ಕ, ಇದು ಬ್ಯಾರೆ ಕಣಕ್ಕ. ನಿನ್ನದು ಐತಂತೆ. ತತ್ತೀನಿ” ಎಂದರು.

ದುರ್ಗಕ್ಕೆ ಬಂದವಳೇ ಆ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ದಾವಣಗೆರೆಯಲ್ಲಿ ಅಳಿಸಿದ್ದನ್ನು ಹೊರತೆಗೆಯುವವರ ಹತ್ತಿರ ಒಯ್ದೆ. ಅವರಿಗೆ ಯಾರದೋ ಮದುವೆಯ ಫೋಟೊಗಳು ಸಿಕ್ಕಿದವು, ಈರಕ್ಕ ಸಿಗಲಿಲ್ಲ. ಕಾರ್ಡಿನಲ್ಲಿ ವಾರ್ಷಿಕೋತ್ಸವದ ಭಾಷಣಗಳು ಕುಳಿತಿದ್ದವು.

ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ನೇರವಾಗಿ ಎಂದೂ ಕೇಳುತ್ತಿರಲಿಲ್ಲ. ಅಪ್ಪನ ಮಂಡಿನೋವು, ನನ್ನ ಕೆಲಸ, ದುರ್ಗದ ಬಿಸಿಲು ಎಲ್ಲ ಆದಮೇಲೆ, ಇನ್ನೇನು ಇಡುತ್ತಾರೆ ಎನ್ನುವಾಗ, “ಆ ಡಿಸ್ಕು ಸಿಕ್ತೇನಮ್ಮ?” ಎನ್ನುತ್ತಿದ್ದರು. ಸ್ಟುಡಿಯೋ ಜಾಗ ಬದಲಾಯಿಸುತ್ತಿದ್ದೇವೆ ಸರ್. ಮಾಲೀಕರು ಊರಲ್ಲಿಲ್ಲ ಸರ್. ರಿಪೇರಿಗೆ ಕೊಟ್ಟಿದ್ದೇನೆ ಸರ್. ಪ್ರತಿ ಸಲವೂ “ಆಗ್ಲಮ್ಮ” ಎನ್ನುತ್ತಿದ್ದರು. ಒಮ್ಮೆ ಹಿರಿಯೂರಿನಿಂದ ಬಂದ ಯಾರದೋ ಕೈಯಲ್ಲಿ ಒಂದು ಹೊಸ ಡಿಸ್ಕನ್ನೇ ಕಳಿಸಿಕೊಟ್ಟರು. ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ‘ಅಕ್ಕ’ ಎಂದು ಬರೆದಿತ್ತು. ಸಿಕ್ಕಿದ ಕೂಡಲೇ ಇದಕ್ಕೆ ಹಾಕಿಡು ಎಂದು ಹೇಳಿ ಕಳಿಸಿದ್ದರು. ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ.

ಆಗ ನಾನೊಂದು ಕೆಲಸ ಮಾಡಿದೆ. ಎತ್ತಿದ ಸ್ವರಗಳನ್ನು ಮತ್ತೆ ಇಳಿಸಿದರೆ ಮೊದಲಿನದೇ ಆಗುತ್ತದಲ್ಲ ಎಂದುಕೊಂಡೆ. ಅಕ್ಕನ ಮನೆಯ ಸ್ವರ ನನ್ನ ಕಿವಿಯಲ್ಲಿತ್ತು. ಮೂರು ವಾರ ಕುಳಿತು ಒಂದೊಂದನ್ನೇ ಇಳಿಸಿದೆ. ಗುಂಗು ಕಡಿಮೆ ಮಾಡಿದೆ. ಕೆಮ್ಮಿಗಾಗಿ, ನಗಬೇಡಿ, ನಾನೇ ಮೈಕಿನ ಮುಂದೆ ಕೆಮ್ಮಿದೆ. ಎಲ್ಲ ಮುಗಿಸಿ ಕೇಳಿದರೆ ಯಾರೋ ಈರಕ್ಕನನ್ನು ಅಣಕಿಸುತ್ತಿರುವಂತಿತ್ತು. ಅವರು ಪ್ರತಿ ಸಲ ಆ ಸ್ವರಕ್ಕೆ ಬೇರೆ ಬೇರೆ ದಾರಿಯಲ್ಲಿ ಬರುತ್ತಿದ್ದರು; ನಾನು ಎಲ್ಲ ಕಡೆಯೂ ಒಂದೇ ಅಳತೆ ಇಳಿಸಿದ್ದೆ. ಅದನ್ನೇ ಒಯ್ದು ಕೊಡುವ ಮನಸ್ಸು ಎರಡು ದಿನ ಇತ್ತು. ಮೇಷ್ಟ್ರ ಕಿವಿಗೆ ವಯಸ್ಸಾಗಿದೆ, ಗೊತ್ತಾಗಲಿಕ್ಕಿಲ್ಲ ಎಂದು ಕೂಡ ಯೋಚಿಸಿದೆ. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆಯೇ ಅಸಹ್ಯವಾಗಿ ಅಳಿಸಿಹಾಕಿದೆ.

ವರ್ಷಗಳು ಹೋದವು. ನಾನು ಸ್ಟುಡಿಯೋ ಬಿಟ್ಟು ಶಾಲೆ ಸೇರಿದೆ. ಮಕ್ಕಳಿಗೆ ಮೊದಲ ದಿನವೇ ಎರಡು ಕಡೆ ಇಡಿಸುತ್ತೇನೆ, ಇಡದವರ ಮೇಲೆ ರೇಗುತ್ತೇನೆ. ಮೇಷ್ಟ್ರು ಡಿಸ್ಕಿನ ಬಗ್ಗೆ ಕೇಳುವುದನ್ನು ನಿಲ್ಲಿಸಿದ್ದರು. ಮರೆತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೂ ಒಂದು ದಿನ ಹೇಳಿಯೇ ಬಿಡುತ್ತೇನೆಂದು ಹಿರಿಯೂರಿಗೆ ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ವಾಕ್ಯವನ್ನು ಉರು ಹೊಡೆದೆ: ಸರ್, ಆ ಡಿಸ್ಕ್ ಇಲ್ಲ, ಯಾವತ್ತೂ ಇರಲಿಲ್ಲ.

ಮೆಟ್ಟಿಲು ಹತ್ತಿ ಹೋದರೆ ನಾಲ್ಕೈದು ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಮೇಷ್ಟ್ರು ಬಹಳ ಇಳಿದುಹೋಗಿದ್ದರು. “ಬಾರಮ್ಮ ಸುಧಾ, ಕುಂತ್ಕ” ಎಂದವರೇ ಮಕ್ಕಳ ಕಡೆ ತಿರುಗಿದರು.

“ಇವ್ಳು ನನ್ನ ಶಿಷ್ಯೆ ಕಣ್ರಲೇ. ದುರ್ಗದಾಗೆ ಸಂಗೀತ ಹೇಳ್ಕೊಡ್ತಾಳೆ. ನಮ್ಮಕ್ಕ ಹಾಡಿದ್ದು ಇವಳ ಹತ್ರಾನೇ ಐತೆ, ಜ್ವಾಪಾನ ಮಾಡಿಟ್ಟವ್ಳೆ. ತಂದ ದಿನ ನಿಮಗೂ ಕೇಳಿಸ್ತೀನಿ. ಆವಾಗ ಗೊತ್ತಾಗ್ತೈತೆ ಹಾಡೋದು ಅಂದ್ರೆ ಏನು ಅಂತ.”

ಒಬ್ಬ ಹುಡುಗಿ, “ಯಾವಾಗ ತರ್ತೀರಿ ಅಕ್ಕ?” ಎಂದಳು.

“ಬೇಗ” ಎಂದೆ.

ಚಹಾ ತರಿಸಿಕೊಟ್ಟರು. ಕುಡಿದೆ. ಉರು ಹೊಡೆದ ವಾಕ್ಯ ಬಾಯಿಯಲ್ಲೇ ಇತ್ತು, ಮಕ್ಕಳ ಮುಂದೆ ಬೇಡ ಎಂದುಕೊಂಡೆ. ಮಕ್ಕಳು ಹೋದ ಮೇಲೆ ಬಸ್ಸಿಗೆ ಹೊತ್ತಾಯಿತು ಎಂದುಕೊಂಡೆ. ಮೇಷ್ಟ್ರು ಮೆಟ್ಟಿಲಿನವರೆಗೂ ಬಂದರು. ಗೋಡೆ ಹಿಡಿದು ನಿಂತು, “ಅವಸರ ಇಲ್ಲಮ್ಮ. ಹುಡುಕ್ತಾ ಇರು” ಎಂದರು. ನಾನು ತಲೆಯಾಡಿಸಿ ಇಳಿದೆ. ಅದೇ ಕೊನೆ. ಎರಡು ತಿಂಗಳಿಗೆ ಅವರು ಹೋದರು. ಹೃದಯ ನಿಂತಿತಂತೆ. ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಎಲ್ಲರೂ ಹೇಳಿದರು.

ಮಣ್ಣಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ತಿಥಿಯ ದಿನ ಹಟ್ಟಿಗೆ ಹೋದೆ. ಈರಕ್ಕ ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಗುರುತು ಹಿಡಿದು, ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಹಿಡಿದ ಕೈಯನ್ನು ಬಿಡಲಿಲ್ಲ. ತಮ್ಮನ ಶಿಷ್ಯೆಯೆಂ‌ದು ಅವರಿಗೆ ನನ್ನ ಮೇಲೆ ಅಕ್ಕರೆ ಇತ್ತು. ನರ್ಸಿಂಗ್ ಓದುತ್ತಿದ್ದ ಪವಿತ್ರ ನೀರು ತಂದುಕೊಟ್ಟು ನಮ್ಮ ಎದುರಿಗೆ ಕುಳಿತಳು. ಈರಕ್ಕ ತಮ್ಮ ಕಿವಿ ಮುಟ್ಟಿ, ನನ್ನನ್ನು ತೋರಿಸಿ, ತುಟಿ ಆಡಿಸಿದರು.

“ಆ ಹಾಡು ತಂದಿದೀರಾ ಅಂತ ಕೇಳ್ತೈತೆ ಅಜ್ಜಿ” ಎಂದಳು ಪವಿತ್ರ.

“ಇಲ್ಲಕ್ಕ. ಆ ಹಾಡು ಇಲ್ಲ” ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. “ಅವತ್ತೇ ಇರಲಿಲ್ಲ. ನಾನೇ ಅಳಿಸಿಬಿಟ್ಟಿದ್ದೆ. ಡಿಸ್ಕ್‌ನಲ್ಲಿ ಐತೆ ಅಂದದ್ದು ಸುಳ್ಳು. ಮೇಷ್ಟ್ರಿಗೆ ಹೇಳಲಿಲ್ಲ. ಹೇಳಬೇಕು ಹೇಳಬೇಕು ಅಂದುಕೊಂಡು ಹೇಳಲೇ ಇಲ್ಲ.”

ಪವಿತ್ರ ಮುಖ ಗಂಟಿಕ್ಕಿಕೊಂಡಳು. ಈರಕ್ಕನ ತುಟಿಗಳು ಆಡಿದವು.

“ಹಾಡು ಹೋದ್ರೆ ಹೋಗ್ಲಿ ಬಿಡು ಅಂತೈತೆ. ಗಂಟ್ಲೇ ಹೋತು, ಹಾಡಿಂದೇನು ಅಂತೈತೆ.”

ನನಗೆ ಅಳು ಬಂತು. ಅಷ್ಟು ವರ್ಷ ಹೊತ್ತದ್ದು ಇಳಿಯಿತು ಎಂದೇ ಅಂದುಕೊಂಡೆ. ಈರಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಮತ್ತೆ ತುಟಿ ಆಡಿಸಿದರು. ಈ ಸಲ ಪವಿತ್ರ ಕೂಡಲೇ ಅರ್ಥ ಹೇಳಲಿಲ್ಲ.

“ಏನಂದ್ರು?” ಎಂದೆ.

“ತಮ್ಮ ಕಡೇತನಕ ಕಾಯ್ತಾ ಇದ್ನಾ ಅಂತ ಕೇಳ್ತೈತೆ.”

“ಹೂಂ” ಎಂದೆ.

ಈರಕ್ಕ ನನ್ನ ಕೈ ಬಿಟ್ಟರು.